ಮಲ್ಲೇಶ್ವರದಲ್ಲಿ ಬಾಡಿಗೆ ಮನೆ: ಹಳಿಯ ಈಚೆಯೋ, ಆಚೆಯೋ?

ಪ್ರಶ್ನೆ: ನಾವು ಶಿವಮೊಗ್ಗದವರು. ಬರುವ ಮೇ ತಿಂಗಳಲ್ಲಿ ಬೆಂಗಳೂರಿಗೆ ಮನೆ ಬದಲಾಯಿಸಬೇಕಾಗಿದೆ. ನನ್ನ ಕಚೇರಿ ಡಾ. ರಾಜ್‌ಕುಮಾರ್ ರಸ್ತೆಯ ವರ್ಲ್ಡ್ ಟ್ರೇಡ್ ಸೆಂಟರ್‌ನಲ್ಲಿದೆ, ಪತ್ನಿಯ ಕೆಲಸ ವಿಧಾನಸೌಧದ ಬಳಿ. ಜೊತೆಗೆ ಮಂಡಿನೋವಿರುವ ತಾಯಿ, ಐದನೇ ತರಗತಿಗೆ ಸೇರಲಿರುವ ಮಗಳು ಇದ್ದಾರೆ. ತಿಂಗಳಿಗೆ 30,000 ರೂಪಾಯಿಯ ಆಸುಪಾಸಿನಲ್ಲಿ ಮನೆ ಬೇಕು. ಬ್ರೋಕರ್ ಮಲ್ಲೇಶ್ವರದಲ್ಲಿ ನಾಲ್ಕು ಮನೆ ತೋರಿಸಿದ್ದಾರೆ: 15ನೇ ಕ್ರಾಸ್ ಬಳಿ ಹಳೆಯ ಮನೆಯ ನೆಲಮಹಡಿ, ಬಾಡಿಗೆ 28,000, ಮಾರ್ಗೋಸಾ ರಸ್ತೆಯಲ್ಲಿ ಅಂಗಡಿಗಳ ಮೇಲಿನ ಮೊದಲ ಮಹಡಿ, 26,000, ಲಿಂಕ್ ರಸ್ತೆಯ ಕಡೆ ಲಿಫ್ಟ್ ಇರುವ ಅಪಾರ್ಟ್‌ಮೆಂಟ್, 40,000, ಶ್ರೀರಾಮಪುರದಲ್ಲಿ ಹೊಸದಾಗಿ ಕಟ್ಟಿದ ಮನೆಯ ಎರಡನೇ ಮಹಡಿ, 22,000, ಅಥವಾ 12 ಲಕ್ಷಕ್ಕೆ ಭೋಗ್ಯ (ತಿಂಗಳ ಬಾಡಿಗೆಯ ಬದಲು ಒಟ್ಟಿಗೆ ಕೊಟ್ಟು, ಖಾಲಿ ಮಾಡುವಾಗ ವಾಪಸು ಪಡೆಯುವ ಹಣ). ಬಡಾವಣೆ ವೇಗವಾಗಿ ಬದಲಾಗುತ್ತಿದೆ, ತಡಮಾಡಿದರೆ ಸಿಗುವುದಿಲ್ಲ ಎನ್ನುತ್ತಿದ್ದಾರೆ. ಯಾವ ಭಾಗವನ್ನು ಆರಿಸಬೇಕು?

ಉತ್ತರ:

ಮಾನ್ಯರೇ, ಬ್ರೋಕರ್ ನಾಲ್ಕೂ ಮನೆಗಳಿಗೆ ಮಲ್ಲೇಶ್ವರ ಎಂಬ ಒಂದೇ ಹೆಸರನ್ನು ಹೇಳಿರಬಹುದು, ಆದರೆ ನೀವು ಬರೆದಿರುವ ನಾಲ್ಕು ಜಾಗಗಳಲ್ಲಿ ನೀರು ಬರುವ ರೀತಿ, ರಾತ್ರಿಯ ಸದ್ದು, ಮಾಲೀಕರ ಉದ್ದೇಶ, ಮುಂದಿನ ಮೂರು ವರ್ಷಗಳಲ್ಲಿ ಆ ಬೀದಿಗೆ ಏನಾಗಬಹುದೆಂಬುದು ಎಲ್ಲವೂ ಬೇರೆ ಬೇರೆ. ಬದಲಾಗುತ್ತಿರುವ ಬಡಾವಣೆಯಲ್ಲಿ ಬಾಡಿಗೆಗೆ ಬರುವವರು ಇಂದಿನ ಬಾಡಿಗೆಯನ್ನು ಹೋಲಿಸುತ್ತಾರೆ. ನನ್ನ ಅನುಭವದಲ್ಲಿ ಹೋಲಿಸಬೇಕಾದದ್ದು ಇನ್ನೊಂದಿದೆ: ನಿಮ್ಮ ಮಗಳು ಒಂದು ಶಾಲೆಯಲ್ಲಿ ನೆಲೆನಿಂತು ಓದುವಷ್ಟು ಕಾಲ ಆ ಮನೆಯಲ್ಲಿ ನೀವು ಉಳಿಯಲು ಸಾಧ್ಯವೇ, ಉಳಿಯಲಾಗದಿದ್ದರೆ ಯಾವ ಕಾರಣಕ್ಕೆ ಏಳಬೇಕಾಗುತ್ತದೆ ಎಂಬುದು. ನಾಲ್ಕು ಭಾಗಗಳಲ್ಲಿ ಈ ಕಾರಣಗಳು ನಾಲ್ಕು ಬಗೆಯಾಗಿವೆ.

ಹಿನ್ನೆಲೆಯನ್ನು ಸ್ವಲ್ಪ ಹೇಳುವುದು ಅಗತ್ಯ. ಮಲ್ಲೇಶ್ವರ 19ನೇ ಶತಮಾನದ ಕೊನೆಯಲ್ಲಿ ಯೋಜಿತವಾಗಿ ರೂಪುಗೊಂಡು, 1898ರ ಪ್ಲೇಗಿನ ನಂತರ ಪೇಟೆಯ ಇಕ್ಕಟ್ಟಿನಿಂದ ಹೊರಬಂದವರಿಂದ ತುಂಬಿಕೊಂಡ ಬಡಾವಣೆ. ಅಡ್ಡರಸ್ತೆಗಳಿಗೆ ಸಂಖ್ಯೆ, ಉದ್ದಕ್ಕೆ ಸಂಪಿಗೆ ರಸ್ತೆ ಮತ್ತು ಮಾರ್ಗೋಸಾ ರಸ್ತೆ, ಮನೆಗಳ ಹಿಂಬದಿಯಲ್ಲಿ ಶುಚಿಗೊಳಿಸುವವರ ಓಡಾಟಕ್ಕೆ ಬಿಟ್ಟ ಕನ್ಸರ್ವೆನ್ಸಿ ಓಣಿಗಳು, ಹೀಗೆ ಅಂದಿನ ಅಚ್ಚುಕಟ್ಟು ಇಂದಿಗೂ ನಕಾಶೆಯಲ್ಲಿ ಕಾಣುತ್ತದೆ. ಪಶ್ಚಿಮಕ್ಕೆ ತುಮಕೂರಿನ ಕಡೆ ಹೋಗುವ ರೈಲು ಹಳಿ ಇದೆ. ಹಳಿಯ ಆಚೆಯ ಶ್ರೀರಾಮಪುರದಲ್ಲಿ ಗಿರಣಿಗಳಲ್ಲಿ, ಕಾರ್ಖಾನೆಗಳಲ್ಲಿ ದುಡಿಯುತ್ತಿದ್ದ ಕುಟುಂಬಗಳು ಚಿಕ್ಕ ಚಿಕ್ಕ ನಿವೇಶನಗಳಲ್ಲಿ ಒತ್ತಾಗಿ ನೆಲೆಸಿದವು. ಬಹಳ ಕಾಲ ಈ ಹಳಿಯೇ ಬಾಡಿಗೆಯ ಗಡಿರೇಖೆಯಾಗಿತ್ತು. 2010ರಲ್ಲಿ ಸಂಪಿಗೆ ರಸ್ತೆಯ ದಕ್ಷಿಣ ತುದಿಯಲ್ಲಿ ದೊಡ್ಡ ಮಾಲ್ ತೆರೆಯಿತು, ಅದೇ ಕಾಲಕ್ಕೆ ನಿಮ್ಮ ಕಚೇರಿ ಇರುವ ಕಡೆ ಹಳೆಯ ಕಾರ್ಖಾನೆಯ ಜಾಗದಲ್ಲಿ ಗೋಪುರಗಳು ಎದ್ದವು, 2014ರ ಮಾರ್ಚ್‌ನಲ್ಲಿ ಸಂಪಿಗೆ ರಸ್ತೆಯಿಂದ ಪೀಣ್ಯದ ಕಡೆಗೆ ಮೆಟ್ರೊ ಓಡತೊಡಗಿತು, 2017ರಲ್ಲಿ ಆ ಹಸಿರು ಮಾರ್ಗ ಮೆಜೆಸ್ಟಿಕ್‌ನಲ್ಲಿ ನೇರಳೆ ಮಾರ್ಗದೊಂದಿಗೆ ಕೂಡಿಕೊಂಡಿತು. ಮೆಟ್ರೊ ನಿಲ್ದಾಣಗಳು ಬಂದದ್ದು ಮಲ್ಲೇಶ್ವರದ ನಡುವೆ ಅಲ್ಲ, ಅದರ ದಕ್ಷಿಣದ ಅಂಚಿನಲ್ಲಿ ಮತ್ತು ಹಳಿಯ ಆಚೆ. ಹೀಗಾಗಿ ಹಳಿಯ ಆಚೆಯ ಬೀದಿಗಳಿಗೆ ಮೊದಲ ಬಾರಿಗೆ ಹೊರಗಿನವರ ಕಣ್ಣು ಬಿತ್ತು, ಈಚೆಯ ಹಳೆಯ ಬಂಗಲೆಗಳ ನೆಲಕ್ಕೆ ಮನೆಗಿಂತ ಹೆಚ್ಚು ಬೆಲೆ ಬಂತು. ನೀವು ನೋಡುತ್ತಿರುವ ಬದಲಾವಣೆ ಈ ಎರಡೂ ಸೇರಿ ಆದದ್ದು.

ನಿಮ್ಮ ಪಟ್ಟಿಯಲ್ಲಿ ಎಲ್ಲರಿಗೂ ಮೊದಲು ಮನಸ್ಸಿಗೆ ಹಿಡಿಸುವುದು 15ನೇ ಕ್ರಾಸ್‌ನ ಮನೆ, ಆದ್ದರಿಂದ ಅದನ್ನೇ ಹೆಚ್ಚು ವಿವರವಾಗಿ ನೋಡೋಣ. 12ರಿಂದ 18ನೇ ಕ್ರಾಸ್‌ವರೆಗಿನ ಭಾಗದಲ್ಲಿ ಕಾಡು ಮಲ್ಲೇಶ್ವರ ದೇವಸ್ಥಾನ, ಅದರ ಎದುರಿನ ನಂದಿತೀರ್ಥ, ಕಾಲೇಜುಗಳು, ಉತ್ತರಕ್ಕೆ 1882ರಲ್ಲಿ ಕಟ್ಟಿದ ಸ್ಯಾಂಕಿ ಕೆರೆ ಇವೆ. ಬೆಳಗಿನ ಹೊತ್ತು ನಿಮ್ಮ ತಾಯಿಯವರು ಓಡಾಡಿಕೊಂಡಿರಲು ಬೆಂಗಳೂರಿನಲ್ಲಿ ಇಷ್ಟು ಅನುಕೂಲವಾದ ಜಾಗಗಳು ಕಡಿಮೆ. ಕಾರ್ತಿಕದ ಕಡಲೆಕಾಯಿ ಪರಿಷೆಯ ದಿನಗಳನ್ನು ಬಿಟ್ಟರೆ ಒಳಗಿನ ಅಡ್ಡರಸ್ತೆಗಳು ಶಾಂತವಾಗಿರುತ್ತವೆ. ಆದರೆ ಹಳೆಯ ಬಂಗಲೆಯೊಂದರ ನೆಲಮಹಡಿ ಈ ಬಾಡಿಗೆಗೆ ಸಿಗುತ್ತಿದೆ ಎಂದಾಗ ಕೇಳಬೇಕಾದ ಮೊದಲ ಪ್ರಶ್ನೆ, ಮಾಲೀಕರು ಆ ಮನೆಯನ್ನು ಏನು ಮಾಡಬೇಕೆಂದಿದ್ದಾರೆ ಎಂಬುದು. ಈ ಭಾಗದ ಎಷ್ಟೋ ಮನೆಗಳಲ್ಲಿ ವಯಸ್ಸಾದ ದಂಪತಿ ಮಾತ್ರ ಉಳಿದಿದ್ದಾರೆ, ಮಕ್ಕಳು ವಿದೇಶದಲ್ಲಿ ಅಥವಾ ವೈಟ್‌ಫೀಲ್ಡ್‌ನ ಕಡೆ ಇದ್ದಾರೆ. ಅಣ್ಣತಮ್ಮಂದಿರ ಪಾಲು ಇತ್ಯರ್ಥವಾಗುವವರೆಗೆ, ಮನೆ ಕೆಡವಿ ಹೊಸ ಕಟ್ಟಡ ಕಟ್ಟಲು ಬಿಲ್ಡರ್‌ನೊಂದಿಗೆ ಜಂಟಿ ಅಭಿವೃದ್ಧಿಯ ಕರಾರು ಆಗುವವರೆಗೆ ಮನೆ ಖಾಲಿ ಬಿಡಬಾರದೆಂದು ಬಾಡಿಗೆಗೆ ಕೊಡುವುದು ಇಲ್ಲಿ ಸಾಮಾನ್ಯ. ಅದರಲ್ಲಿ ಮೋಸವೇನೂ ಇಲ್ಲ, ಆದರೆ ಅಂಥ ಮನೆ ನಿಮಗೆ ಸಲ್ಲುವುದಿಲ್ಲ.

ಇದನ್ನು ಮಾಲೀಕರು ಬಾಯಿಬಿಟ್ಟು ಹೇಳದಿದ್ದರೂ ಮನೆ ಹೇಳುತ್ತದೆ. ಕಳೆದ ವರ್ಷ ಒಂದು ಕುಟುಂಬದೊಂದಿಗೆ ಇದೇ ಭಾಗದ ಮನೆಯೊಂದನ್ನು ನೋಡಲು ಹೋಗಿದ್ದೆ. ಕೆಂಪು ಗಾರೆಯ ನೆಲವನ್ನು ಚೆನ್ನಾಗಿ ಉಜ್ಜಿ ತೊಳೆದಿದ್ದರು, ಮುಂದಿನ ಕೋಣೆಗೆ ಹೊಸ ಸುಣ್ಣಬಣ್ಣ ಆಗಿತ್ತು, ನೋಡಿದವರಿಗೆ ಅಲ್ಲೇ ಮುಂಗಡ ಕೊಡುವ ಮನಸ್ಸಾಗುವಂತಿತ್ತು. ಆದರೆ ಅಡುಗೆಮನೆಯ ಸೂರಿನಲ್ಲಿ ನೀರು ಸೋರಿದ ಕಂದು ಕಲೆಗಳು ಒಂದರ ಮೇಲೊಂದು ಇದ್ದವು, ಅವನ್ನು ಹಲವು ಮಳೆಗಾಲಗಳಿಂದ ಯಾರೂ ಸರಿಪಡಿಸಿರಲಿಲ್ಲ. ಹಿತ್ತಲಿನಲ್ಲಿ ತೆಂಗಿನ ಮರದ ಪಕ್ಕ ಮಣ್ಣಿನ ಪರೀಕ್ಷೆಗೆಂದು ಕೊರೆದ ಕುಳಿಯನ್ನು ಹೆಂಚಿನ ಚೂರುಗಳಿಂದ ಮುಚ್ಚಿದ್ದರು. ಕಾಂಪೌಂಡಿನ ಎರಡು ಮೂಲೆಗಳಲ್ಲಿ ಅಳತೆಯವರು ಹಾಕಿದ ಕೆಂಪು ಬಣ್ಣದ ಗುರುತಿತ್ತು. ಸೂರು ಸೋರುತ್ತಿದ್ದರೂ ರಿಪೇರಿ ಮಾಡದ, ನೆಲವನ್ನು ಮಾತ್ರ ಅಳೆಸಿದ ಮಾಲೀಕರಿಗೆ ಆ ಮನೆ ಬೇಕಾಗಿಲ್ಲ ಎಂಬುದು ಸ್ಪಷ್ಟ. ನೀವು ಹೋದಾಗ ಹಿತ್ತಲನ್ನೂ ಕಾಂಪೌಂಡನ್ನೂ ತಪ್ಪದೆ ನೋಡಿ. ಎಡಬಲದ ಮನೆಗಳನ್ನೂ ನೋಡಿ: ಪಕ್ಕದ ಮನೆ ಬೀಗ ಹಾಕಿಕೊಂಡು ವಿದ್ಯುತ್ ಮೀಟರ್ ಕಿತ್ತುಹಾಕಿಸಿಕೊಂಡಿದ್ದರೆ ಅಲ್ಲಿ ಕಟ್ಟಡ ಏಳುವುದು ಖಚಿತ, ನೆಲಮಾಳಿಗೆಗೆ ಬಂಡೆ ಒಡೆಯುವ ಸದ್ದಿನಿಂದ ಹಿಡಿದು ಕೊನೆಯ ಟೈಲ್ಸ್ ಕತ್ತರಿಸುವವರೆಗೆ ಒಂದೂವರೆ ಎರಡು ವರ್ಷ ಆ ಧೂಳಿನ ನಡುವೆ ನಿಮ್ಮ ತಾಯಿಯವರು ಹಗಲಿಡೀ ಮನೆಯಲ್ಲಿರಬೇಕಾಗುತ್ತದೆ.

ಇಲ್ಲಿ ಕಾನೂನಿನ ಮಾತು ಬರುತ್ತದೆ, ಇದನ್ನು ದಯವಿಟ್ಟು ಗಮನವಿಟ್ಟು ಓದಿ. ಬಾಡಿಗೆದಾರರಿಗೆ ಕಾಯ್ದೆಯ ರಕ್ಷಣೆ ಇದೆ, ಏಕಾಏಕಿ ಎಬ್ಬಿಸಲಾಗದು ಎಂಬ ನಂಬಿಕೆ ನಮ್ಮ ಜನರಲ್ಲಿ ಇನ್ನೂ ಉಳಿದಿದೆ. ಕರ್ನಾಟಕ ಬಾಡಿಗೆ ಅಧಿನಿಯಮ 1999 ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂಪಾಯಿಗಿಂತ ಹೆಚ್ಚಿನ ಬಾಡಿಗೆಯ ಮನೆಗಳಿಗೆ ಅನ್ವಯಿಸುವುದಿಲ್ಲ. ಎಂದರೆ ನಿಮ್ಮ ಪಟ್ಟಿಯ ಒಂದು ಮನೆಯೂ ಅದರ ವ್ಯಾಪ್ತಿಗೆ ಬರುವುದಿಲ್ಲ. ಉಳಿಯುವುದು 1882ರ ಸ್ವತ್ತು ವರ್ಗಾವಣೆ ಕಾಯ್ದೆ ಮತ್ತು ನೀವು ಸಹಿ ಹಾಕುವ ಕರಾರು ಪತ್ರ. ಕರಾರಿನಲ್ಲಿ ಬೇರೆ ಷರತ್ತು ಇಲ್ಲದಿದ್ದರೆ ತಿಂಗಳ ಬಾಡಿಗೆಯ ಮನೆಯನ್ನು ಹದಿನೈದು ದಿನಗಳ ನೋಟಿಸಿನ ಮೇಲೆ ಕೊನೆಗೊಳಿಸಲು ಆ ಕಾಯ್ದೆ ಅವಕಾಶ ಕೊಡುತ್ತದೆ. ಎಲ್ಲರೂ ಬರೆಸುವ ಹನ್ನೊಂದು ತಿಂಗಳ ಕರಾರು ಹುಟ್ಟಿದ್ದೇ ನೋಂದಣಿಯ ಖರ್ಚು ಮತ್ತು ಓಡಾಟ ತಪ್ಪಿಸಲು, ಏಕೆಂದರೆ ಒಂದು ವರ್ಷ ಮೀರಿದ ಗುತ್ತಿಗೆಯನ್ನು ಕಡ್ಡಾಯವಾಗಿ ನೋಂದಾಯಿಸಬೇಕು. ಮಾಮೂಲಿ ಮನೆಗೆ ಹನ್ನೊಂದು ತಿಂಗಳ ಪತ್ರ ಸಾಕಾಗಬಹುದು. ಆದರೆ ಕೆಡವುವ ಸಾಧ್ಯತೆಯಿರುವ ಮನೆಗೆ ಮೂರು ವರ್ಷದ ಗುತ್ತಿಗೆಯನ್ನು ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ನೋಂದಾಯಿಸಿಕೊಡುವಂತೆ ಕೇಳಿ, ಮುದ್ರಾಂಕ ಶುಲ್ಕವನ್ನು ನೀವೇ ಭರಿಸುವುದಾಗಿ ಹೇಳಿ. ಹೀಗೆ ನೋಂದಾಯಿಸಿದ ಗುತ್ತಿಗೆ ಇದ್ದರೆ ಮನೆ ಮಾರಾಟವಾದರೂ ಕೊಂಡವರು ಹಳೆಯ ಮಾಲೀಕರ ಸ್ಥಾನದಲ್ಲಿ ನಿಂತು ಅದಕ್ಕೆ ಬದ್ಧರಾಗಬೇಕಾಗುತ್ತದೆ. ನೋಂದಣಿಯಿಲ್ಲದೆ ಬಿಳಿ ಕಾಗದದ ಮೇಲೆ ಮೂರು ವರ್ಷ ಎಂದು ಬರೆಸಿಕೊಂಡರೆ ಆ ಮೂರು ವರ್ಷವನ್ನು ನ್ಯಾಯಾಲಯದಲ್ಲಿ ಸಾಧಿಸಿಕೊಳ್ಳಲಾಗದು. ಮಾಲೀಕರಿಗೆ ಮನೆಯನ್ನು ಉಳಿಸಿಕೊಳ್ಳುವ ಉದ್ದೇಶವಿದ್ದರೆ ಈ ಬೇಡಿಕೆಗೆ ಹೆಚ್ಚಿನ ತಕರಾರು ಬರುವುದಿಲ್ಲ. ಹನ್ನೊಂದು ತಿಂಗಳೇ ಆಗಬೇಕು, ಒಂದು ದಿನವೂ ಹೆಚ್ಚಾಗದು ಎಂದು ಹಟಹಿಡಿದರೆ ನೀವು ಕೇಳದೇ ಇದ್ದ ಪ್ರಶ್ನೆಗೂ ಉತ್ತರ ಸಿಕ್ಕಂತಾಯಿತು.

ಮುಂಗಡದ ವಿಷಯವನ್ನೂ ಇಲ್ಲೇ ಮುಗಿಸುತ್ತೇನೆ. ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಕೇಳುವ ಬೆಂಗಳೂರಿನ ಹಳೆಯ ರೂಢಿ ಈ ಭಾಗದಲ್ಲಿ ಇನ್ನೂ ಇದೆ. ಕೇಂದ್ರ ಸರ್ಕಾರ 2021ರಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಮುಂಗಡದ ಮಿತಿ ಹೇಳುತ್ತದೆ ಎಂದು ಯಾರಾದರೂ ನಿಮಗೆ ಧೈರ್ಯ ಹೇಳಬಹುದು, ಆದರೆ ಅದು ಮಾದರಿ ಮಾತ್ರ, ರಾಜ್ಯ ಅದನ್ನು ತನ್ನ ಕಾಯ್ದೆಯಾಗಿಸದ ಹೊರತು ಯಾವ ಮಾಲೀಕರನ್ನೂ ಕಟ್ಟಿಹಾಕುವುದಿಲ್ಲ. ಆದ್ದರಿಂದ ಮುಂಗಡವನ್ನೂ ಬಾಡಿಗೆಯ ಭಾಗವೆಂದೇ ಲೆಕ್ಕ ಹಾಕಿ. 15ನೇ ಕ್ರಾಸ್‌ನ ಮನೆಗೆ ಹತ್ತು ತಿಂಗಳ ಮುಂಗಡವಾಗುವ 2,80,000 ರೂಪಾಯಿ ಬ್ಯಾಂಕಿನಲ್ಲಿದ್ದರೆ ವರ್ಷಕ್ಕೆ ಶೇ 7ರ ಬಡ್ಡಿಯಂತೆ 19,600 ಬರುತ್ತಿತ್ತು, ಎಂದರೆ ತಿಂಗಳಿಗೆ ಸುಮಾರು 1,600 ರೂಪಾಯಿ ನಿಮ್ಮ ಬಾಡಿಗೆಗೆ ಸೇರಿದಂತೆ. ಖಾಲಿ ಮಾಡುವಾಗ ಸುಣ್ಣಬಣ್ಣಕ್ಕೆಂದು ಒಂದು ತಿಂಗಳ ಬಾಡಿಗೆ ಹಿಡಿದುಕೊಳ್ಳುವ ರೂಢಿಯನ್ನೂ ಸೇರಿಸಿಕೊಳ್ಳಿ. ಮುಂಗಡ ಯಾವ ದಿನ, ಬೀಗದ ಕೈ ಕೊಡುವ ಮೊದಲೋ ನಂತರವೋ, ವಾಪಸಾಗುತ್ತದೆ ಎಂಬುದನ್ನು ಕರಾರಿನಲ್ಲಿ ಒಂದು ವಾಕ್ಯವಾಗಿ ಬರೆಸಿ. ಮಾರಾಟವಾದರೆ ಮುಂಗಡದ ಹೊಣೆ ಕೊಂಡವರ ಮೇಲೆ ಲಿಖಿತವಾಗಿ ವರ್ಗವಾಗಬೇಕೆಂಬುದನ್ನೂ ಸೇರಿಸಿ.

ಮಾರ್ಗೋಸಾ ರಸ್ತೆಯ ಮೊದಲ ಮಹಡಿಯ ಬಗ್ಗೆ ಹೆಚ್ಚು ಬರೆಯುವ ಅಗತ್ಯವಿಲ್ಲ. ನಿಮ್ಮ ತಾಯಿಯವರ ಮಂಡಿಗೆ ಆ ಮೆಟ್ಟಿಲು ಆಗದು. ಜೊತೆಗೆ ಸಂಪಿಗೆ ರಸ್ತೆ, ಮಾರ್ಗೋಸಾ ರಸ್ತೆ, 8ನೇ ಕ್ರಾಸ್ ಇವು ಮಲ್ಲೇಶ್ವರದ ವ್ಯಾಪಾರದ ಬೆನ್ನೆಲುಬು, ವರಮಹಾಲಕ್ಷ್ಮಿ ಹಬ್ಬದ ಮತ್ತು ಗೌರಿ ಗಣೇಶದ ಹಿಂದಿನ ದಿನಗಳಲ್ಲಿ 8ನೇ ಕ್ರಾಸ್‌ನ ಸುತ್ತ ಹೂವು, ಬಾಳೆಕಂದು, ಹಣ್ಣಿನ ರಾಶಿಗಳ ನಡುವೆ ಆಟೊ ಒಳಗೆ ಬರುವುದೇ ಇಲ್ಲ. ಹಬ್ಬದ ಸಂಭ್ರಮಕ್ಕೆ ಅದಕ್ಕಿಂತ ಚೆಂದದ ಜಾಗ ನನಗೆ ಗೊತ್ತಿಲ್ಲ, ಆದರೆ ವಾಸಕ್ಕೆ ಬೇರೆ ಲೆಕ್ಕ. ಅಂಗಡಿಗಳ ಮೇಲಿನ ಮನೆಯಲ್ಲಿ ಇನ್ನೊಂದು ಸಂಗತಿ ಇದೆ, ಕೆಳಗಿನ ಮಳಿಗೆ ಇಂದು ಬಟ್ಟೆ ಅಂಗಡಿಯಾಗಿದ್ದು ನಾಳೆ ದರ್ಶಿನಿಯಾದರೆ ಒಗ್ಗರಣೆಯ ಹೊಗೆ, ಜನರೇಟರ್, ಬೆಳಗಿನ ಜಾವದ ಗ್ಯಾಸ್ ಸಿಲಿಂಡರುಗಳ ಸದ್ದು ಎಲ್ಲವೂ ನಿಮ್ಮ ಕಿಟಕಿಗೆ ಬರುತ್ತವೆ. ಬದಲಾಗುತ್ತಿರುವ ಬೀದಿಗಳಲ್ಲಿ ಮೊದಲು ಬದಲಾಗುವುದೇ ನೆಲಮಹಡಿಯ ಮಳಿಗೆಗಳು. 2023ರ ಮೇ ತಿಂಗಳ ಮಳೆಯಲ್ಲಿ ಮಲ್ಲೇಶ್ವರದ ಆಭರಣದ ಅಂಗಡಿಯೊಂದಕ್ಕೆ ನೀರು ನುಗ್ಗಿ ಸರಕೇ ಕೊಚ್ಚಿಹೋದದ್ದು ಸುದ್ದಿಯಾಗಿತ್ತು. ಆದ್ದರಿಂದ ಯಾವ ಭಾಗದಲ್ಲೇ ಆಗಲಿ ನೆಲಮಹಡಿಯ ಮನೆ ನೋಡುವಾಗ ಕಾಂಪೌಂಡ್ ಗೋಡೆಯ ಬುಡದಲ್ಲಿ ನೀರು ನಿಂತ ಗೆರೆ ಇದೆಯೇ, ರಸ್ತೆಗಿಂತ ಮನೆ ಎಷ್ಟು ತಗ್ಗಿನಲ್ಲಿದೆ ಎಂಬುದನ್ನು ನೋಡಿ. ಡಾಂಬರಿನ ಮೇಲೆ ಡಾಂಬರು ಬಿದ್ದು ಹಳೆಯ ಮನೆಗಳ ಹೊಸಿಲು ರಸ್ತೆಗಿಂತ ಕೆಳಗಾಗಿರುವ ಕಡೆಗಳು ಇಲ್ಲಿ ಇವೆ.

ಲಿಂಕ್ ರಸ್ತೆಯ ಅಪಾರ್ಟ್‌ಮೆಂಟ್ ನಿಮ್ಮ ಪತ್ನಿಯವರಿಗೆ ಅತ್ಯಂತ ಅನುಕೂಲ. ಸಂಪಿಗೆ ರಸ್ತೆ ನಿಲ್ದಾಣದಿಂದ ಮೆಜೆಸ್ಟಿಕ್ ಒಂದೇ ನಿಲ್ದಾಣ, ಅಲ್ಲಿ ನೇರಳೆ ಮಾರ್ಗಕ್ಕೆ ಬದಲಾಯಿಸಿದರೆ ವಿಧಾನಸೌಧ ಎರಡನೇ ನಿಲ್ದಾಣ. ಲಿಫ್ಟ್ ಇದೆ, 5ನೇ ಕ್ರಾಸ್‌ನ ಕೆ.ಸಿ. ಜನರಲ್ ಆಸ್ಪತ್ರೆ ಹತ್ತಿರ. ಆದರೆ 40,000ದ ಬಾಡಿಗೆಯ ಮೇಲೆ ನಿರ್ವಹಣಾ ಶುಲ್ಕವನ್ನು ಯಾರು ಕೊಡಬೇಕು, ಬೇಸಿಗೆಯಲ್ಲಿ ಟ್ಯಾಂಕರ್ ತರಿಸಿದರೆ ಅದರ ಹಣ ಯಾರಿಂದ ಎಂದು ಕೇಳಿದ ನಂತರ ಅದು ನಿಮ್ಮ ಮಿತಿಯನ್ನು ಇನ್ನಷ್ಟು ಮೀರುತ್ತದೆ. ಬದಲಾವಣೆಯ ದೃಷ್ಟಿಯಿಂದ ಈ ಭಾಗ ಆಗಲೇ ಬದಲಾಗಿ ಮುಗಿದಿದೆ. ಇಲ್ಲಿ ನಿಮ್ಮನ್ನು ಎಬ್ಬಿಸಬಹುದಾದದ್ದು ಕೆಡವುವ ಯಂತ್ರ ಅಲ್ಲ, ವರ್ಷ ವರ್ಷ ಏರುವ ಬಾಡಿಗೆ. ಹತ್ತಿರದಲ್ಲೇ ಹೊಸ ಬಾಡಿಗೆದಾರರು ಹೆಚ್ಚು ಕೊಡಲು ಸಿದ್ಧರಿರುವಾಗ ಶೇ 5ರ ಏರಿಕೆಯ ಮಾತು ಎರಡನೇ ವರ್ಷಕ್ಕೆ ಉಳಿಯುವುದು ಬರವಣಿಗೆಯಲ್ಲಿದ್ದರೆ ಮಾತ್ರ.

ಈಗ ಶ್ರೀರಾಮಪುರ. ಬ್ರೋಕರ್ ಅದನ್ನು ಮಲ್ಲೇಶ್ವರ ಎಂದು ಕರೆದದ್ದರಲ್ಲೇ ಬದಲಾವಣೆಯ ಗುರುತಿದೆ. ಆದರೂ ನಾನು ಆ ಭಾಗವನ್ನು ತಳ್ಳಿಹಾಕುವುದಿಲ್ಲ, ಬದಲಿಗೆ ನಿಮ್ಮ ಬಂಧುಗಳು ಯಾರಾದರೂ "ಹಳಿ ದಾಟಬೇಡಿ" ಎಂದು ಹೇಳಿದ್ದರೆ ಆ ಮಾತನ್ನು ಒಪ್ಪಬೇಡಿ ಎನ್ನುತ್ತೇನೆ. ನಿಮ್ಮ ಕಚೇರಿಗೆ ಶ್ರೀರಾಮಪುರ ನಿಲ್ದಾಣದಿಂದ ಸ್ಯಾಂಡಲ್ ಸೋಪ್ ಫ್ಯಾಕ್ಟರಿ ನಿಲ್ದಾಣ ನಾಲ್ಕನೆಯದು, ಪತ್ನಿಯವರಿಗೆ ಮೆಜೆಸ್ಟಿಕ್ ಎರಡನೆಯದು. 15ನೇ ಕ್ರಾಸ್‌ನಿಂದ ಇಬ್ಬರಿಗೂ ಇಷ್ಟು ಸಲೀಸಾದ ಪ್ರಯಾಣ ಇಲ್ಲ, ಸಂಪಿಗೆ ರಸ್ತೆ ನಿಲ್ದಾಣಕ್ಕೇ ಒಂದೂವರೆ ಕಿಲೋಮೀಟರಿಗಿಂತ ಹೆಚ್ಚು ಹೋಗಬೇಕು. ದಿನಸಿ, ತರಕಾರಿ, ದರ್ಜಿ, ಗಿರಣಿ ಎಲ್ಲವೂ ಬೀದಿಯಲ್ಲೇ ಸಿಗುತ್ತವೆ. ನೆರೆಹೊರೆಯವರು ಪರಸ್ಪರ ಬಲ್ಲವರು, ಮನೆಯಲ್ಲಿ ಒಬ್ಬರೇ ಇರುವ ವಯಸ್ಸಾದ ಹೆಂಗಸಿಗೆ ಅದರ ಬೆಲೆ ಚಿಕ್ಕದಲ್ಲ.

ತೊಂದರೆ ಕಟ್ಟಡದಲ್ಲಿದೆ. 20/30 ಅಡಿಯ ಅಥವಾ ಅದಕ್ಕಿಂತ ಚಿಕ್ಕ ನಿವೇಶನದಲ್ಲಿ ವಠಾರವನ್ನು ಕೆಡವಿ ನಾಲ್ಕು ಮಹಡಿ ಎತ್ತಿದ ಮನೆಗಳಲ್ಲಿ ಎರಡು ಗೋಡೆಗಳ ನಡುವೆ ಕೈ ಚಾಚುವಷ್ಟೂ ಜಾಗ ಇರುವುದಿಲ್ಲ. ಮುಂದಿನ ಕೋಣೆ ಬಿಟ್ಟರೆ ಉಳಿದ ಕೋಣೆಗಳಲ್ಲಿ ಹಗಲೂ ದೀಪ ಬೇಕು. ಇಂಥ ಮನೆಗಳಲ್ಲಿ ಎರಡನೇ ಮಹಡಿಗೆ ಸಾಮಾನ್ಯವಾಗಿ ಕಡಿದಾದ ಮೆಟ್ಟಿಲೇ ಇರುವುದರಿಂದ, ಲಿಫ್ಟ್ ಇಲ್ಲದಿದ್ದರೆ ನೀವು ನೋಡಿದ ಈ ಮನೆ ಬೇಡ, ಆದರೆ ಭಾಗ ಬೇಡ ಎನ್ನಬೇಡಿ. ಅದೇ ಸಾಲಿನಲ್ಲಿ, ಅಥವಾ ಸ್ವಲ್ಪ ಉತ್ತರಕ್ಕೆ ಸುಬ್ರಹ್ಮಣ್ಯನಗರ, ಗಾಯತ್ರಿನಗರಗಳಲ್ಲಿ ನೆಲಮಹಡಿಯ ಮನೆ ಹುಡುಕಿ. ಅಲ್ಲಿನ ನಿವೇಶನಗಳು ಸ್ವಲ್ಪ ದೊಡ್ಡವು, ಮಾಲೀಕರು ಮೇಲಿನ ಮಹಡಿಯಲ್ಲೇ ವಾಸಿಸುವ ಮನೆಗಳು ಇನ್ನೂ ಬಹಳಷ್ಟಿವೆ. ಮಾಲೀಕರು ತಾವೇ ವಾಸಿಸುತ್ತಿರುವ ಮನೆಯನ್ನು ಸದ್ಯಕ್ಕೆ ಕೆಡವುವುದಿಲ್ಲ ಎಂಬುದು ನನ್ನ ಮಟ್ಟಿಗೆ ಯಾವ ಷರತ್ತಿಗಿಂತಲೂ ಹೆಚ್ಚಿನ ಭರವಸೆ. ಹಳಿಯ ಪಕ್ಕದ ಸಾಲುಗಳಲ್ಲಿ ಮಾತ್ರ ರಾತ್ರಿ ಹನ್ನೊಂದರ ನಂತರ ಒಮ್ಮೆ ನಿಂತು ಕೇಳಿ, ಹಗಲಿನಲ್ಲಿ ಗಮನಕ್ಕೆ ಬಾರದ ಗೂಡ್ಸ್ ರೈಲುಗಳ ಸದ್ದು ಆಗ ತಿಳಿಯುತ್ತದೆ. ಮಗಳ ಶಾಲೆ ಹಳಿಯ ಈಚೆಗಿದ್ದರೆ ಅವಳು ಹಳಿಯನ್ನು ಎಲ್ಲಿ ದಾಟುತ್ತಾಳೆ ಎಂಬುದನ್ನು ಅವಳೊಂದಿಗೇ ನಡೆದು ನೋಡಿ.

12 ಲಕ್ಷದ ಭೋಗ್ಯವನ್ನು ನಾನು ಒಪ್ಪುವುದಿಲ್ಲ. ತಿಂಗಳ ಬಾಡಿಗೆ ಇಲ್ಲ ಎಂಬುದು ಆಕರ್ಷಕ, ಆದರೆ ಹೊಸ ಕಟ್ಟಡಕ್ಕೆ ಭೋಗ್ಯದ ಹಣ ಕೇಳುವ ಮಾಲೀಕರಲ್ಲಿ ಕಟ್ಟಡದ ಸಾಲ ತೀರಿಸಲು ಹಣ ಸಾಲದವರು ಅನೇಕರು. ಮನೆ ಬ್ಯಾಂಕಿಗೆ ಅಡಮಾನವಾಗಿದ್ದು ಕಂತು ನಿಂತರೆ, 2002ರ ಸರ್ಫೇಸಿ ಕಾಯ್ದೆಯಡಿ ಬ್ಯಾಂಕು ಆ ಮನೆಯನ್ನೇ ತನ್ನ ಸ್ವಾಧೀನಕ್ಕೆ ತೆಗೆದುಕೊಳ್ಳಬಹುದು, ಆಗ ನಿಮ್ಮ 12 ಲಕ್ಷಕ್ಕೆ ಮಾಲೀಕರ ಹಿಂದೆ ಅಲೆಯಬೇಕಾಗುತ್ತದೆ. ಯಾರಾದರೂ ಭೋಗ್ಯಕ್ಕೇ ಹೋಗುವುದಾದರೆ ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಋಣಭಾರ ಪ್ರಮಾಣಪತ್ರ (ಆಸ್ತಿಯ ಮೇಲೆ ನೋಂದಣಿಯಾದ ಸಾಲ, ವ್ಯವಹಾರಗಳ ಪಟ್ಟಿ) ತೆಗೆಸಿ, ಮೂಲ ಪತ್ರಗಳು ಮಾಲೀಕರ ಕೈಯಲ್ಲೇ ಇವೆಯೇ ಎಂದು ಕಣ್ಣಾರೆ ನೋಡಿ, ಪತ್ರವನ್ನು ನೋಂದಾಯಿಸಿದ ನಂತರವೇ ಹಣ ಕೊಡಬೇಕು. ಋಣಭಾರ ಪ್ರಮಾಣಪತ್ರದಲ್ಲಿ ಎಲ್ಲ ಸಾಲಗಳೂ ಕಾಣುವುದಿಲ್ಲ, ಆದ್ದರಿಂದ ಮೂಲ ಪತ್ರ ನೋಡುವುದನ್ನು ಬಿಡಬಾರದು. ಮಗಳ ಓದಿಗೆಂದು ಕೂಡಿಟ್ಟ ಹಣವಿದ್ದರೆ ಅದನ್ನು ಇಲ್ಲಿ ಹಾಕಬೇಡಿ ಎಂದು ಕೈಮುಗಿದು ಕೇಳುತ್ತೇನೆ.

ಶ್ರೀರಾಮಪುರದ ಬಗ್ಗೆ ಇನ್ನೊಂದು ಮಾತು ಹೇಳದಿದ್ದರೆ ಉತ್ತರ ಅರ್ಧವಾಗುತ್ತದೆ. ನೀವು 22,000 ಕೊಡುವ ಮನೆಯ ಜಾಗದಲ್ಲಿ ಮೊದಲು ವಠಾರವಿದ್ದರೆ ಅಲ್ಲಿ ನಾಲ್ಕೈದು ಕುಟುಂಬಗಳಿದ್ದವು, ಅವರಲ್ಲಿ ಕೆಲವರಾದರೂ ಇಂದು ಮಾಗಡಿ ರಸ್ತೆಯ ಆಚೆಗೋ ತುಮಕೂರು ರಸ್ತೆಯ ಆಚೆಗೋ ಹೋಗಿ ದಿನವೂ ಇಲ್ಲಿಗೆ ಕೆಲಸಕ್ಕೆ ಬರುತ್ತಿದ್ದಾರೆ. ಇದಕ್ಕೆ ನೀವು ಹೊಣೆಯಲ್ಲ. ಆದರೆ ಬ್ರೋಕರ್ ಹೇಳಿದ ಬೆಲೆಯನ್ನು ಊರಿನಿಂದ ಬಂದವರು ವಿಚಾರಿಸದೆ ಒಪ್ಪಿಕೊಂಡಾಗ ಆ ಬೆಲೆಯೇ ಮುಂದಿನ ತಿಂಗಳು ಇಡೀ ಸಾಲಿನ ಬೆಲೆಯಾಗುತ್ತದೆ, ಪಕ್ಕದ ಮನೆಯ ಹಳೆಯ ಬಾಡಿಗೆದಾರರಿಗೂ ಅದೇ ಅಳತೆ ಬೀಳುತ್ತದೆ. ಆದ್ದರಿಂದ ಅದೇ ಬೀದಿಯ ಕಿರಾಣಿ ಅಂಗಡಿಯವರನ್ನೋ ಇಸ್ತ್ರಿ ಮಾಡುವವರನ್ನೋ ಕೇಳಿ, ಅಲ್ಲಿನವರು ಎಷ್ಟು ಕೊಡುತ್ತಿದ್ದಾರೆಂದು ತಿಳಿದು ಚೌಕಾಸಿ ಮಾಡಿ. ಅದು ನಿಮಗೂ ಒಳ್ಳೆಯದು, ಆ ಬೀದಿಗೂ ಒಳ್ಳೆಯದು. ಹಾಗೆಯೇ ಹಳಿಯ ಈಚೆಯ ಕೆಲವು ಮನೆಗಳ ಟು-ಲೆಟ್ ಫಲಕದ ಮೇಲೆ "ಸಸ್ಯಾಹಾರಿಗಳಿಗೆ ಮಾತ್ರ" ಎಂದು ಬರೆದಿರುವುದನ್ನು ನೀವು ಕಾಣುತ್ತೀರಿ, ಫೋನಿನಲ್ಲಿ ಹೆಸರಿನ ನಂತರ "ಯಾವ ಜನ" ಎಂದು ಕೇಳುವವರೂ ಇದ್ದಾರೆ. ನೀವು ಅದಕ್ಕೆ ಹೊಂದುವವರೇ ಆಗಿರಬಹುದು, ಆದರೂ ಹಾಗೆ ಕೇಳುವುದು ತಪ್ಪು ಎಂದು ನಾನು ದೃಢವಾಗಿ ನಂಬಿದ್ದೇನೆ.

ಪೂರ್ವದ ಇಳಿಜಾರಿನ ವೈಯಾಲಿಕಾವಲ್, ಪ್ಯಾಲೇಸ್ ಗುಟ್ಟಹಳ್ಳಿಗಳನ್ನು ನೀವು ನೋಡಿಲ್ಲ. ವೈಯಾಲಿಕಾವಲ್‌ನಲ್ಲಿ ನೆಲಮಹಡಿಯ ಮನೆ ಸಿಕ್ಕರೆ ಪಟ್ಟಿಗೆ ಸೇರಿಸಿಕೊಳ್ಳಿ, ಆದರೆ ಏರಿಳಿತದ ರಸ್ತೆಗಳು ಮಂಡಿನೋವಿಗೆ ಒಗ್ಗುವವೇ ಎಂಬುದನ್ನು ತಾಯಿಯವರೇ ನಡೆದು ಹೇಳಲಿ. ಉತ್ತರದ ತುದಿಯಲ್ಲಿ ಸ್ಯಾಂಕಿ ರಸ್ತೆಗೆ ತಾಗಿದ ಮನೆ ನೋಡುವುದಾದರೆ, ಅಲ್ಲಿನ ಮೇಲ್ಸೇತುವೆ ಮತ್ತು ರಸ್ತೆ ವಿಸ್ತರಣೆಯ ಪ್ರಸ್ತಾವಕ್ಕೆ 2023ರಲ್ಲಿ ನಿವಾಸಿಗಳು ಬೀದಿಗಿಳಿದು ವಿರೋಧಿಸಿದ್ದರು ಎಂಬುದು ನೆನಪಿರಲಿ. ಇಂಥ ಪ್ರಸ್ತಾವಗಳು ಮತ್ತೆ ಮತ್ತೆ ಏಳುತ್ತವೆ, ಮುಖ್ಯರಸ್ತೆಯಿಂದ ಎರಡು ಸಾಲು ಒಳಗಿರುವುದು ಕ್ಷೇಮ.

ಯಾವ ಭಾಗವೇ ಆಗಲಿ, ನೀರು ಮತ್ತು ವಿದ್ಯುತ್ತಿನ ವಿಚಾರಣೆಯನ್ನು ಮಾಲೀಕರ ಮಾತಿಗೆ ಬಿಡಬೇಡಿ. "ಕಾವೇರಿ ಇದೆ, ಬೋರ್ ಇದೆ" ಎಂದು ಎಲ್ಲರೂ ಹೇಳುತ್ತಾರೆ. ಕಾವೇರಿ ನೀರು ಯಾವ ದಿನ, ಎಷ್ಟು ಗಂಟೆಗೆ, ಎಷ್ಟು ಹೊತ್ತು ಬರುತ್ತದೆಂದು ಪಕ್ಕದ ಮನೆಯವರನ್ನು ಕೇಳಿ, ಆ ಹೊತ್ತಿಗೇ ಹೋಗಿ. ಸಂಪಿನ ಮುಚ್ಚಳ ತೆಗೆಸಿ ಒಳಗೆ ನೋಡಿ: ಗೋಡೆಯ ಮೇಲೆ ನೀರಿನ ಗೆರೆ ಎಲ್ಲಿಯವರೆಗಿದೆ ಎಂಬುದು ಆ ಸಂಪು ಸಾಮಾನ್ಯವಾಗಿ ಎಷ್ಟು ತುಂಬುತ್ತದೆಂದು ತೋರಿಸುತ್ತದೆ. ಒಂದೇ ಸಂಪು, ಒಂದೇ ಮೋಟಾರು ಎಷ್ಟು ಮನೆಗಳಿಗೆ, ಮೋಟಾರು ಹಾಕುವ ಸ್ವಿಚ್ ಯಾರ ಮನೆಯಲ್ಲಿದೆ, ಅದರ ಬಿಲ್ ಯಾರ ಮೀಟರಿಗೆ ಎಂದು ಕೇಳಿ. 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿದಾಗ ಈ ಮನೆಯವರು ಏನು ಮಾಡಿದರು ಎಂಬ ಪ್ರಶ್ನೆಗೆ ಬರುವ ಉತ್ತರದಿಂದ ಬಹಳಷ್ಟು ತಿಳಿಯುತ್ತದೆ. ವಿದ್ಯುತ್ತಿಗೆ ನಿಮ್ಮ ಮನೆಗೆ ಪ್ರತ್ಯೇಕ ಮೀಟರ್ ಇರಲೇಬೇಕು. 2023ರಲ್ಲಿ ಆರಂಭವಾದ ಗೃಹಜ್ಯೋತಿಯಲ್ಲಿ ಬಾಡಿಗೆದಾರರಿಗೂ ಅವಕಾಶವಿದೆ, ಆದರೆ ಅದು ಗೃಹಬಳಕೆಯ ಸಂಪರ್ಕಕ್ಕೆ ಮಾತ್ರ, ಮತ್ತು ಹಿಂದಿನ ಬಾಡಿಗೆದಾರರು ಆ ಆರ್‌.ಆರ್. ಸಂಖ್ಯೆಯಿಂದ (ಬಿಲ್ಲಿನಲ್ಲಿರುವ ವಿದ್ಯುತ್ ಸಂಪರ್ಕದ ಸಂಖ್ಯೆ) ತಮ್ಮ ಆಧಾರ್ ಜೋಡಣೆಯನ್ನು ತೆಗೆಸಿರಬೇಕು. ಅಂಗಡಿಗಳ ಮೇಲಿನ ಮನೆಗಳಲ್ಲಿ ಮೀಟರ್ ವಾಣಿಜ್ಯ ದರದಲ್ಲಿರುವುದುಂಟು, ಹಳೆಯ ಬಿಲ್ಲೊಂದನ್ನು ಕೇಳಿ ಪಡೆದರೆ ಎಲ್ಲವೂ ಗೊತ್ತಾಗುತ್ತದೆ.

ಇನ್ನು ನಿಮ್ಮ ಮನೆಗೆ ನನ್ನ ತೀರ್ಮಾನ. 15ನೇ ಕ್ರಾಸ್‌ನ ನೆಲಮಹಡಿಗೆ ಮಾಲೀಕರು ಮೂರು ವರ್ಷದ ನೋಂದಾಯಿತ ಗುತ್ತಿಗೆಗೆ ಒಪ್ಪಿದರೆ, ಸೂರಿನ ಸೋರಿಕೆ ಇದ್ದರೆ ಅದನ್ನು ಮಳೆಗಾಲಕ್ಕೆ ಮೊದಲು ಸರಿಪಡಿಸಿಕೊಡುವುದಾಗಿ ಬರೆದುಕೊಟ್ಟರೆ, ಪ್ರಯಾಣದ ತೊಡಕನ್ನು ಸಹಿಸಿಕೊಂಡು ಅದನ್ನೇ ತೆಗೆದುಕೊಳ್ಳಿ. ಅವಧಿಯ ನಡುವೆ ಖಾಲಿ ಮಾಡಿಸಬೇಕಾದರೆ ಕನಿಷ್ಠ ಮೂರು ತಿಂಗಳ ನೋಟಿಸು, ಶೈಕ್ಷಣಿಕ ವರ್ಷದ ನಡುವೆ ಬೇಡ, ಸಾಗಣೆಯ ವೆಚ್ಚ ಅವರದು ಎಂಬ ಷರತ್ತನ್ನೂ ಸೇರಿಸಿ. ಒಪ್ಪದಿದ್ದರೆ ಮರುಮಾತಿಲ್ಲದೆ ಬಿಟ್ಟು, ಗಾಯತ್ರಿನಗರ, ಸುಬ್ರಹ್ಮಣ್ಯನಗರ, ಶ್ರೀರಾಮಪುರಗಳಲ್ಲಿ ಮಾಲೀಕರು ಮೇಲೆ ವಾಸಿಸುವ ನೆಲಮಹಡಿಯ ಮನೆಯನ್ನು 25,000ದ ಒಳಗೆ ಹುಡುಕಿ. ಅಲ್ಲಿ ಹನ್ನೊಂದು ತಿಂಗಳ ಕರಾರೂ ನಡೆದೀತು, ಆದರೆ ನೋಟಿಸಿನ ಅವಧಿ ಮತ್ತು ಬಾಡಿಗೆ ಏರಿಕೆಯ ಪ್ರಮಾಣ ಬರವಣಿಗೆಯಲ್ಲಿರಲಿ. ಬ್ರೋಕರ್ ತೋರಿಸಿದ ಉಳಿದ ಮೂರು ಮನೆಗಳನ್ನು ಪಟ್ಟಿಯಿಂದ ತೆಗೆದುಬಿಡಿ.

ತಡಮಾಡಿದರೆ ಸಿಗುವುದಿಲ್ಲ ಎಂಬ ಬ್ರೋಕರ್ ಮಾತಿಗೆ ಹೆದರಬೇಕಾಗಿಲ್ಲ. ಶಾಲೆಯ ವರ್ಷ ಮುಗಿದ ಮೇಲೆ, ಏಪ್ರಿಲ್ ಎರಡನೇ ವಾರದಿಂದ, ಈ ಭಾಗಗಳಲ್ಲಿ ಅನೇಕ ಮನೆಗಳು ಖಾಲಿಯಾಗುತ್ತವೆ. ಮೊದಲು ಮಗಳ ಶಾಲೆಯನ್ನು ನಿಶ್ಚಯಿಸಿಕೊಳ್ಳಿ, ನಂತರ ಏಪ್ರಿಲ್‌ನಲ್ಲಿ ಎರಡು ದಿನ ಬಿಡುವು ಮಾಡಿಕೊಂಡು ತಾಯಿಯವರನ್ನೂ ಕರೆತನ್ನಿ, ಬ್ರೋಕರ್ ಇಲ್ಲದೆ ಬೆಳಿಗ್ಗೆ ಏಳಕ್ಕೊಮ್ಮೆ, ಸಂಜೆ ಏಳಕ್ಕೊಮ್ಮೆ ಹಳಿಯ ಎರಡೂ ಬದಿಯ ಬೀದಿಗಳಲ್ಲಿ ನಡೆಯಿರಿ. ಈ ಕಡೆ ಎಷ್ಟೋ ಒಳ್ಳೆಯ ಮನೆಗಳ ಮಾಲೀಕರು ಬ್ರೋಕರಿಗೆ ಹೇಳದೆ ಗೇಟಿಗೆ ಒಂದು ಫಲಕ ಕಟ್ಟಿ ಸುಮ್ಮನಿರುತ್ತಾರೆ, ಅಂಥ ಮನೆ ಸಿಕ್ಕರೆ ಬ್ರೋಕರ್ ಕೇಳುವ ಒಂದು ತಿಂಗಳ ಬಾಡಿಗೆಯಷ್ಟು ಹಣವೂ ನಿಮಗೆ ಉಳಿಯುತ್ತದೆ.